19 ಅಡಿ ಎತ್ತರದ ಹಾಲ್, ಮಾತು ತಿಳಿಯದ ಹೋಮ್ ಥಿಯೇಟರ್: ನಮ್ಮ ಐದು ತಿಂಗಳು

ಹೋದ ಭಾನುವಾರ ಶಬ್ದ ಹೀರುವ ಕೊನೆಯ ಪ್ಯಾನೆಲ್ ಗೋಡೆ ಹತ್ತಿತು. ಜೂನ್‌ನಲ್ಲಿ ಶುರುವಾದ ಕೆಲಸ, ದೀಪಾವಳಿ ದಾಟಿದ ಮೇಲೆ ಮುಗಿಯಿತು. ನಡುವೆ ಎರಡು ಸಲ ದುಡ್ಡು ಹಾಳಾಯಿತು, ಒಂದು ಸಲ ಗೋಡೆ ಹಾಳಾಯಿತು. ಎತ್ತರದ ಸೀಲಿಂಗ್ ಇರುವ ಮನೆಯಲ್ಲಿ ಹೋಮ್ ಥಿಯೇಟರ್ ಹಾಕುವವರು ಇದನ್ನು ಓದಿಕೊಂಡು ಶುರು ಮಾಡಲಿ ಅಂತ ಎಲ್ಲವನ್ನೂ ನಡೆದ ಹಾಗೇ ಬರೆಯುತ್ತಿದ್ದೇನೆ.

ನಾವು ಧಾರವಾಡದ ಕಡೆಯವರು, ಪುಣೆಗೆ ಬಂದು ಹದಿನೇಳು ವರ್ಷ. ಈ ವರ್ಷ ಬಾಣೇರ್‌ನಲ್ಲಿ ಡ್ಯೂಪ್ಲೆಕ್ಸ್ ಫ್ಲ್ಯಾಟ್‌ಗೆ ಬಂದೆವು. ಹಾಲ್ 18 ಅಡಿ ಉದ್ದ, 14 ಅಡಿ ಅಗಲ, ಎತ್ತರ ಮಾತ್ರ 19 ಅಡಿ. ಒಂದು ಬದಿಗೆ ಮೇಲಿನ ಮಹಡಿಯ ಪ್ಯಾಸೇಜ್, ಅದಕ್ಕೆ ಸ್ಟೀಲ್ ರೇಲಿಂಗ್. ಎದುರಿಗೆ ನೆಲದಿಂದ ಮೇಲಿನವರೆಗೆ ಗಾಜಿನ ಕಿಟಕಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ನೋಡಲು ಅಷ್ಟು ಚಂದ. ಫ್ಲ್ಯಾಟ್ ನೋಡಲು ಬಂದ ದಿನವೇ ಈ ಎತ್ತರ ನೋಡಿ ಮನಸೋತೆವು.

ಟಿವಿ, ರಿಸೀವರ್ (ಸ್ಪೀಕರ್‌ಗಳಿಗೆ ಶಬ್ದ ಹಂಚಿ ಶಕ್ತಿ ಕೊಡುವ ಪೆಟ್ಟಿಗೆ), ಐದು ಸ್ಪೀಕರ್, ತಗ್ಗಿನ ಸ್ವರಗಳಿಗೆ ಒಂದು ಸಬ್‌ವೂಫರ್ ಎಲ್ಲಾ ಹಳೇ ಮನೆಯವೇ. ಅಲ್ಲಿ ಚೆನ್ನಾಗೇ ಕೇಳುತ್ತಿದ್ದವು. ಇಲ್ಲಿ ಜೋಡಿಸಿ ಮೊದಲ ದಿನ ಹಚ್ಚಿದಾಗ ಅಪ್ಪ ಹತ್ತು ನಿಮಿಷ ಸುಮ್ಮನೆ ಕೂತರು. ಆಮೇಲೆ ಹೇಳಿದರು, "ಯವ್ವಾ, ಆವಾಜ ಭಾಳ ಬರ್ತೈತಿ, ಮಾತ ಒಂದೂ ತಿಳೀವಲ್ದು."

ಅವರಿಗೆ 76 ವರ್ಷ. ಕಿವಿಯದೇ ತೊಂದರೆ ಇರಬೇಕು ಅಂದುಕೊಂಡು ಮೊದಲು ಕಿವಿ ಪರೀಕ್ಷೆ ಮಾಡಿಸಿದೆವು. ಇದನ್ನು ಎಲ್ಲರಿಗೂ ಹೇಳುತ್ತೇನೆ, ಮನೆಯಲ್ಲಿ ಹಿರಿಯರಿದ್ದರೆ ಮೊದಲು ಈ ಕೆಲಸ ಮಾಡಿ. ವಯಸ್ಸಿಗೆ ತಕ್ಕ ಹಾಗೆ ಮೇಲಿನ ಸ್ವರಗಳು ಸ್ವಲ್ಪ ಕಡಿಮೆ ಕೇಳುತ್ತವೆ, ಅಷ್ಟೇ ಅಂದರು. ಆದರೆ ಡಾಕ್ಟರ್ ಇನ್ನೊಂದು ಮಾತು ಹೇಳಿದರು. ಗೋಡೆಗಳು ಗುಂಯ್ ಅನ್ನುವ ಜಾಗದಲ್ಲಿ ವಯಸ್ಸಾದವರಿಗೆ ಮಾತು ಹಿಡಿಯುವುದು ನಮಗಿಂತ ಬಹಳ ಕಷ್ಟವಂತೆ. ಆಗ ನಾನು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಲ್ಲೇ ತಪ್ಪಾಯಿತು.

ಕೋಣೆ ದೊಡ್ಡದಾಯಿತು, ಹಾಗಾಗಿ ಶಕ್ತಿ ಸಾಲುತ್ತಿಲ್ಲ ಅಂತ ನಾನೂ ನಮ್ಮ ಮನೆಯವರೂ ತೀರ್ಮಾನಿಸಿದೆವು. 62,000 ರೂಪಾಯಿ ಕೊಟ್ಟು ದೊಡ್ಡ ರಿಸೀವರ್ ತಂದೆವು. ಅಂಗಡಿಯವನು ಅದರ ಜೊತೆಗೆ ಮೇಲ್ಮುಖವಾಗಿ ಶಬ್ದ ಬಿಡುವ ಒಂದು ಜೋಡಿ ಅಟ್ಮಾಸ್ ಸ್ಪೀಕರ್ ಕೊಟ್ಟ. ಇವುಗಳ ಕೆಲಸ ಹೇಗೆಂದರೆ, ಶಬ್ದ ಸೀಲಿಂಗಿಗೆ ಬಡಿದು ವಾಪಸ್ ಬಂದು ತಲೆಯ ಮೇಲಿಂದ ಕೇಳಿದ ಹಾಗೆ ಆಗಬೇಕು. ನಮ್ಮ ಸೀಲಿಂಗ್ ಎತ್ತರ ಎಷ್ಟು ಅಂತ ಅವನು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅಟ್ಮಾಸ್ ಮಾಡಿದ ಡಾಲ್ಬಿ ಕಂಪನಿಯವರೇ ಹೇಳುವ ಪ್ರಕಾರ ಇಂಥ ಸ್ಪೀಕರ್‌ಗೆ ಸೀಲಿಂಗ್ 7.5 ರಿಂದ 12 ಅಡಿ ಇದ್ದರೆ ಸರಿ, ಹೆಚ್ಚೆಂದರೆ 14. ನಮ್ಮದು 19. ಮಳೆಯ ದೃಶ್ಯ ಬಂದರೆ ಮಳೆ ಟಿವಿಯ ಹಿಂದೆಲ್ಲೋ ಸುರಿದ ಹಾಗೆ ಕೇಳುತ್ತಿತ್ತು. ವಾಪಸ್ ತಗೊಳ್ಳಿ ಅಂದರೆ ಬಾಕ್ಸ್ ಒಡೆದಿದೆ ಅಂದರು. ಖರೀದಿಗೆ ಮುಂಚೆ ಟೇಪ್ ಹಿಡಿದು ಎತ್ತರ ಅಳೆಯಿರಿ, ಅದನ್ನು ಬರೆದುಕೊಂಡು ಅಂಗಡಿಗೆ ಹೋಗಿ.

ಹೊಸ ರಿಸೀವರ್ ಬಂದ ಮೇಲೆ ಗದ್ದಲ ಜಾಸ್ತಿಯಾಯಿತು, ಮಾತು ಮಾತ್ರ ಹಾಗೇ ಇತ್ತು. ಅಪ್ಪ ವಾಲ್ಯೂಮ್ 68ಕ್ಕೆ ಏರಿಸುತ್ತಿದ್ದರು, ಮಗ ಕಿವಿ ಮುಚ್ಚಿಕೊಂಡು ಮೇಲೆ ಓಡುತ್ತಿದ್ದ. ಅಪ್ಪ ನಿಧಾನವಾಗಿ ಹಾಲ್‌ಗೆ ಬರುವುದನ್ನೇ ಕಡಿಮೆ ಮಾಡಿದರು. ಊಟವಾದ ಮೇಲೆ ಸೀದಾ ತಮ್ಮ ಕೋಣೆಗೆ ಹೋಗಿ ಮೊಬೈಲ್‌ನಲ್ಲಿ ಏನೋ ಹಚ್ಚಿಕೊಂಡು ಮಲಗುತ್ತಿದ್ದರು. ನನಗೆ ಸಂಕಟವಾಗಿದ್ದು ಅದಕ್ಕೇ. ಅವರೂ ಜೊತೆಗೆ ಕೂತು ನೋಡಲಿ ಅಂತ ಮಾಡಿಸಿದ ವ್ಯವಸ್ಥೆ ಅದು.

ಒಂದು ರಾತ್ರಿ ಹಾಲ್ ಮಧ್ಯೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆದೆ. ಟರ್ರ್‌ರ್‌ರ್ ಅಂತ ಬಂತು, ರೇಷ್ಮೆ ಸೀರೆ ಹರಿದ ಹಾಗೆ. ಆಮೇಲೆ ಗುಂಯ್ ಅಂತ ಉಳಿದದ್ದು ಮೇಲೆಲ್ಲೋ ಹೋಗಿ ನಿಂತಿತು. ನೀವೂ ಇವತ್ತೇ ಮಾಡಿ ನೋಡಿ, ಒಂದು ಪೈಸೆ ಖರ್ಚಿಲ್ಲ. ಎದುರುಬದುರು ಇರುವ ಎರಡು ಬೋಳು ಗೋಡೆಗಳ ನಡುವೆ ಶಬ್ದ ಚೆಂಡಿನ ಹಾಗೆ ಪುಟಿಯುತ್ತಿದ್ದರೆ ಈ ಟರ್ರ್ ಬರುತ್ತದೆ. ಹಿಂದೆ ಉಳಿಯುವುದು ಮಾರ್ದನಿ. ಎತ್ತರ ಜಾಸ್ತಿಯಾದಷ್ಟೂ ಶಬ್ದ ಸಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಶಬ್ದ ಒಂದು ಅಡಿ ಹೋಗಲು ಹತ್ತಿರ ಹತ್ತಿರ ಒಂದು ಮಿಲಿಸೆಕೆಂಡ್ ತಗೊಳ್ಳುತ್ತದೆ. ನಮ್ಮ ಕಿವಿಯಿಂದ ಸೀಲಿಂಗ್ 16 ಅಡಿ, ಹೋಗಿ ಬರಲು 32 ಅಡಿ. ಅಂದರೆ ಒಂದು ಅಕ್ಷರ ನೇರವಾಗಿ ಕಿವಿಗೆ ಬಿದ್ದು ಮುಂದಿನದು ಬರುವಷ್ಟರಲ್ಲಿ ಹಿಂದಿನದರ ನೆರಳುಗಳು ಎಲ್ಲ ಕಡೆಯಿಂದ ಬಂದು ಅದರ ಮೇಲೆ ಬೀಳುತ್ತವೆ. ವಾಲ್ಯೂಮ್ ಏರಿಸಿದರೆ ಆ ನೆರಳುಗಳೂ ಅಷ್ಟೇ ಏರುತ್ತವೆ. 62,000 ಹೋದ ಮೇಲೆ ಇದು ತಿಳಿಯಿತು.

ಎರಡನೇ ಸಲ ಹಣ ಹೋದದ್ದು ಫೋಮ್‌ಗೆ. ಮೊಟ್ಟೆ ಟ್ರೇ ತರಹ ಉಬ್ಬುತಗ್ಗು ಇರುವ ಕಪ್ಪು ಫೋಮ್, ಒಂದು ಇಂಚು ದಪ್ಪ, 7,000 ರೂಪಾಯಿಯದು ತರಿಸಿ ಅಂಟಿಸಿದೆವು. ಚಪ್ಪಾಳೆಯ ಟರ್ರ್ ಸ್ವಲ್ಪ ಕಡಿಮೆಯಾಯಿತು, ಗುಂಯ್ ಹಾಗೇ ಉಳಿಯಿತು. ತೆಳು ಫೋಮ್ ಬರೀ ತೀಕ್ಷ್ಣ ಸ್ವರಗಳನ್ನು ಹೀರುತ್ತದೆ, ಕೆಳಗಿನ ಸ್ವರಗಳು ಆರಾಮಾಗಿ ದಾಟಿ ಗೋಡೆಗೆ ಬಡಿದು ಬರುತ್ತವೆ. ಹಾಗಾಗಿ ಮಾತು ಇನ್ನೂ ಮಂಕಾಯಿತು. ಅದಕ್ಕಿಂತ ಮುಖ್ಯ, ಸಾಮಾನ್ಯ ಪಿಯು (ಪಾಲಿಯುರೆಥೇನ್) ಫೋಮ್‌ಗೆ ಬೆಂಕಿ ಬೇಗ ಹತ್ತುತ್ತದೆ, ಹೊಗೆ ವಿಷ. ದೇವರ ದೀಪ ಹಚ್ಚುವ ಮನೆಯಲ್ಲಿ ಅದು ಬೇಡ. ಕಿತ್ತು ಹಾಕಿದೆವು, ಅಂಟಿನ ಜೊತೆ ಬಣ್ಣವೂ ಬಂತು.

ಇಷ್ಟೆಲ್ಲ ಆದ ಮೇಲೆ ದಾರಿ ತೋರಿಸಿದ್ದು ಅವ್ವನ ಕೌದಿಗಳು. ಅವ್ವ ಹೋಗಿ ಆರು ವರ್ಷ. ಅವಳು ಹಳೇ ಸೀರೆ, ಅಪ್ಪನ ಧೋತರ, ನಮ್ಮ ಲಂಗ ಎಲ್ಲ ಸೇರಿಸಿ ಪದರ ಪದರ ಹೊಲಿದ ನಾಲ್ಕು ಕೌದಿ ಟ್ರಂಕಿನಲ್ಲಿದ್ದವು. ಮಳೆಗಾಲಕ್ಕೆ ಮುಗ್ಗು ವಾಸನೆ ಬರಬಾರದು ಅಂತ ತೆಗೆದು ಮೇಲಿನ ರೇಲಿಂಗಿನ ಮೇಲೆ ಹರವಿದ್ದೆ. ಸಂಜೆ ಫೋನಿನಲ್ಲಿ ಮಾತಾಡುತ್ತಾ ಹಾಲ್ ದಾಟುವಾಗ ನನ್ನ ದನಿಯೇ ಬೇರೆ ಅನಿಸಿತು. ಚಪ್ಪಾಳೆ ಹೊಡೆದೆ. ಟರ್ರ್ ಇಲ್ಲ! ಅಪ್ಪನನ್ನು ಕೂಗಿದೆ. ಅವರು ಬಂದು ಕೆಮ್ಮಿ ನೋಡಿದರು, "ಓ" ಅಂದರು, ಮೇಲೆ ನೋಡಿದರು. ಒಂದು ಕೌದಿಯ ಅಂಚಿಗೆ ಅವ್ವ ಹಾಕಿದ ಕೆಂಪು ಕುಲಾವಿ ಬಟ್ಟೆಯ ತ್ರಿಕೋನಗಳು ಸಾಲಾಗಿ ಕೆಳಗೆ ಇಳಿಬಿದ್ದಿದ್ದವು. "ನಿಮ್ಮವ್ವ ಇಲ್ಲೂ ಗದ್ಲಾ ಕಡಿಮಿ ಮಾಡಿದಳು ನೋಡು" ಅಂದರು.

ಆ ರಾತ್ರಿ ಓದುತ್ತಾ ಕೂತಾಗ ಗೊತ್ತಾಯಿತು, ಈ ಶಾಸ್ತ್ರ ಹುಟ್ಟಿದ್ದೂ ಹೀಗೇ. 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಒಂದು ಹೊಸ ಉಪನ್ಯಾಸ ಕೋಣೆಯಲ್ಲಿ ಮಾತೇ ತಿಳಿಯುತ್ತಿರಲಿಲ್ಲ. ಸರಿ ಮಾಡು ಅಂತ ವಾಲೇಸ್ ಸೇಬೈನ್ ಅನ್ನುವ ಭೌತಶಾಸ್ತ್ರದ ಮೇಷ್ಟ್ರಿಗೆ ವಹಿಸಿದರು. ಅವರು ಪಕ್ಕದ ಥಿಯೇಟರಿನ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಕೋಣೆಯಲ್ಲಿ ಹಾಕುತ್ತಾ, ಆರ್ಗನ್ ಕೊಳವೆ ಊದಿಸಿ, ಶಬ್ದ ನಿಲ್ಲಲು ಎಷ್ಟು ಹೊತ್ತಾಯಿತು ಅಂತ ಅಳೆದರು. ಅದರಿಂದ ಬಂದ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಕೋಣೆ ಒಟ್ಟು ಎಷ್ಟು ಶಬ್ದ ಹೀರುತ್ತದೋ ಅದರಿಂದ ಭಾಗಿಸಿದರೆ ಮಾರ್ದನಿ ಎಷ್ಟು ಸೆಕೆಂಡು ಅಂತ ಸಿಗುತ್ತದೆ. ಎಲ್ಲಾ ಅಳತೆ ಮೀಟರ್‌ನಲ್ಲಿರಬೇಕು.

ಇನ್ನು ಮೇಲೆ ಅಂದಾಜಿನಲ್ಲಿ ಏನೂ ಕೊಳ್ಳಬಾರದು ಅಂತ ಗಟ್ಟಿ ಮಾಡಿಕೊಂಡು ಅಳೆಯುವ ಮೈಕ್ ಆರ್ಡರ್ ಮಾಡಿದೆ. ಮಿನಿಡಿಎಸ್‌ಪಿ ಕಂಪನಿಯ ಯುಮಿಕ್-1, ಲ್ಯಾಪ್‌ಟಾಪ್‌ಗೆ ಯುಎಸ್‌ಬಿಯಲ್ಲಿ ಚುಚ್ಚುವಂಥದ್ದು. ಅದರ ಜೊತೆ ಬಳಸುವ ಆರ್‌ಇಡಬ್ಲ್ಯೂ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಮೈಕ್ ಹೊರದೇಶದಿಂದ ಬರಬೇಕಿತ್ತು. ಹತ್ತು ದಿನಕ್ಕೆ ಬರುತ್ತೆ ಅಂದುಕೊಂಡರೆ ಕಸ್ಟಮ್ಸ್‌ನಲ್ಲಿ ನಿಂತಿತು. ಕೊರಿಯರ್‌ನವರು ಕೆವೈಸಿ ಕೇಳಿ ಮೇಲ್ ಹಾಕಿದ್ದರು, ಅದು ಸ್ಪ್ಯಾಮ್‌ಗೆ ಹೋಗಿ ಬಿದ್ದಿತ್ತು. ಆಧಾರ್ ಕಳಿಸಿದೆ, ವಿಳಾಸ ಹಳೇ ಮನೆಯದು ಅಂತ ತಿರಸ್ಕರಿಸಿದರು. ಹೊಸ ಮನೆಯ ವಿದ್ಯುತ್ ಬಿಲ್ ಇನ್ನೂ ಬಿಲ್ಡರ್ ಹೆಸರಿನಲ್ಲೇ ಇತ್ತು. ಕೊನೆಗೆ ನೋಂದಣಿ ಪತ್ರದ ಮೊದಲ ಪುಟ ಕಳಿಸಿದ ಮೇಲೆ ಬಿಟ್ಟರು. ಒಟ್ಟು 26 ದಿನ. ಹೊರಗಿಂದ ತರಿಸುವವರು ಆರ್ಡರ್ ಮಾಡುವ ದಿನವೇ ಈ ಕಾಗದಪತ್ರ ಸರಿ ಇದೆಯಾ ನೋಡಿಕೊಳ್ಳಿ. ಮೈಕ್ ಬಂದ ಮೇಲೆ ಅದರ ಮೇಲಿನ ಸೀರಿಯಲ್ ನಂಬರ್ ಹಾಕಿ ಅದರದೇ ಕ್ಯಾಲಿಬ್ರೇಷನ್ ಫೈಲ್ (ಆ ಮೈಕಿನ ಅಳತೆಯ ತಪ್ಪು ತಿದ್ದುವ ಫೈಲ್) ಇಳಿಸಿಕೊಳ್ಳುವುದನ್ನು ಮರೆಯಬೇಡಿ.

ಅಳೆಯಲು ಕೂತರೆ ಇನ್ನೊಂದು ತೊಂದರೆ. ಅಷ್ಟರಲ್ಲಿ ಗಣೇಶ ಹಬ್ಬ ಹತ್ತಿರ ಬಂದಿತ್ತು. ಪುಣೆಯಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ, ಹಬ್ಬಕ್ಕೆ ಎಷ್ಟೋ ವಾರ ಮೊದಲೇ ಸಂಜೆ ಆಯಿತೆಂದರೆ ಢೋಲ್-ತಾಶಾ ಪಥಕದವರ ಅಭ್ಯಾಸ ಶುರು. ನಮ್ಮ ಹಿಂದಿನ ಮೈದಾನದಲ್ಲೂ ಇತ್ತು. ನನಗೆ ಆ ನಾದ ಬಹಳ ಇಷ್ಟ, ಆದರೆ ಗ್ರಾಫ್‌ನಲ್ಲಿ ಅದು ಬೆಟ್ಟದ ಹಾಗೆ ಎದ್ದು ಕೂರುತ್ತಿತ್ತು. ರಾತ್ರಿ 11ಕ್ಕೆ ಮಾಡೋಣ ಅಂದರೆ, ಅಳೆಯಲು ಸ್ಪೀಕರ್‌ನಿಂದ ಊಊಯ್ ಅಂತ ಏರುವ ಸ್ವರ ಜೋರಾಗಿ ಬಿಡಬೇಕು, ಪಕ್ಕದ ಮನೆಯಲ್ಲಿ ಕೂಸು ಇದೆ. ಕೊನೆಗೆ ಮಧ್ಯಾಹ್ನ 1ರಿಂದ 4ರ ಹೊತ್ತು ಸಿಕ್ಕಿತು. ಅರ್ಧ ಪುಣೆ ಮಲಗಿರುವ ಹೊತ್ತು. ಫ್ಯಾನ್, ಫ್ರಿಜ್ ಆರಿಸಿ, ಸೋಫಾದಲ್ಲಿ ಕೂತರೆ ಕಿವಿ ಬರುವ ಎತ್ತರಕ್ಕೆ ಮೈಕ್ ಇಟ್ಟು ಅಳೆದೆವು.

ನಮ್ಮ ಹಾಲ್ ಸುಮಾರು 136 ಘನ ಮೀಟರ್. ಶಬ್ದ 60 ಡೆಸಿಬೆಲ್ (ಶಬ್ದದ ಜೋರಿನ ಅಳತೆ) ಇಳಿಯಲು ಹಿಡಿದ ಹೊತ್ತು, ಅಂದರೆ ಮಾರ್ದನಿ, 1.9 ಸೆಕೆಂಡು. ಇಷ್ಟು ದೊಡ್ಡ ಹಾಲ್‌ಗೆ 0.6ರ ಆಸುಪಾಸು ಇದ್ದರೆ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ನಾಲ್ಕು ಕೌದಿ ನೇತುಹಾಕಿ, ಎರಡು ಗಾದಿ ಗೋಡೆಗೆ ಒರಗಿಸಿ ಮತ್ತೆ ಅಳೆದೆವು. 1.3 ಆಯಿತು. ಸೂತ್ರ ಹಿಡಿದು ಲೆಕ್ಕ ಹಾಕಿದರೆ ನಮ್ಮ ಕೋಣೆ ಹೀರುತ್ತಿದ್ದುದು ಬಿದ್ದ ಶಬ್ದವನ್ನೆಲ್ಲ ಹೀರುವ ಮೇಲ್ಮೈ ಹನ್ನೊಂದೂವರೆ ಚದರ ಮೀಟರ್ ಇದ್ದರೆ ಎಷ್ಟೋ ಅಷ್ಟು, 0.6ಕ್ಕೆ ಬೇಕಾದದ್ದು 36. ಇನ್ನೂ 25 ಚದರ ಮೀಟರ್ ತುಂಬಬೇಕು. ಆ ಸಂಖ್ಯೆ ನೋಡಿ ಎದೆ ಧಸಕ್ಕೆಂದಿತು. ಆದರೆ ಮೊದಲ ಸಲ ಮಾಡಬೇಕಾದ ಕೆಲಸಕ್ಕೆ ಒಂದು ಅಳತೆ ಸಿಕ್ಕಿತ್ತು.

ಅದಕ್ಕೂ ಮುಂಚೆ ಖರ್ಚಿಲ್ಲದ ಕೆಲಸಗಳನ್ನು ಮಾಡಿದೆವು. ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು, ಅದನ್ನು ಮುಂದೆ ತಂದೆವು, ಈಗ ಕಿವಿಗೂ ಗೋಡೆಗೂ 5 ಅಡಿ ದೂರ. ಮಧ್ಯದ ಸ್ಪೀಕರ್ ಟಿವಿ ಯೂನಿಟ್‌ನ ಗೂಡಿನೊಳಗೆ ಹುದುಗಿತ್ತು. ಸಿನಿಮಾದ ಮಾತು ಬಹುಪಾಲು ಬರುವುದೇ ಅದರಿಂದ. ಅದನ್ನು ಗೂಡಿನ ಅಂಚಿಗೆ ಎಳೆದು, ಮುಂದಿನ ಕಾಲಿಗೆ ರಬ್ಬರ್ ತುಂಡು ಕೊಟ್ಟು ಮೂತಿ ಕಿವಿಯ ಕಡೆ ತಿರುಗಿಸಿದೆವು. 16 ಅಡಿ ದೂರ ಇದ್ದದ್ದು 11 ಅಡಿಗೆ ಬಂತು, ಅಷ್ಟಕ್ಕೇ ನೇರ ಶಬ್ದ 3 ಡೆಸಿಬೆಲ್ ಹೆಚ್ಚು. ರಿಸೀವರ್‌ನಲ್ಲಿ ಮಧ್ಯದ ಚಾನಲ್ ಇನ್ನೂ 2 ಡೆಸಿಬೆಲ್ ಏರಿಸಿದೆವು. ರಿಸೀವರ್ ತಾನೇ ಅಳೆದು ಸರಿ ಮಾಡುವ ವ್ಯವಸ್ಥೆಯನ್ನೂ ಓಡಿಸಿದೆವು, ಆದರೆ ಅದರಿಂದ ಮಾರ್ದನಿ ಹೋಗುವುದಿಲ್ಲ. ಅದು ಸ್ಪೀಕರ್‌ಗಳನ್ನು ತಿದ್ದುತ್ತದೆ, ಗೋಡೆಗಳನ್ನಲ್ಲ.

ಇನ್ನು ಸೊಸೈಟಿ. ಗೋಡೆಗೆ ಮೊಳೆ ಹೊಡೆಯುವುದಕ್ಕೆ ಯಾಕೆ ಅನುಮತಿ ಅಂತ ನಿಮಗೆ ಅನಿಸಬಹುದು. ಎತ್ತರದಲ್ಲಿ ಕೆಲಸ, ಹೊರಗಿನ ಕೆಲಸಗಾರರು, ಅಂದರೆ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕೇ ಬೇಕು ಅಂದರು. ಅರ್ಜಿ, ಕೆಲಸದ ನಕ್ಷೆ, ಸ್ಲ್ಯಾಬ್ ಮತ್ತು ಬೀಮ್ ಮುಟ್ಟುವುದಿಲ್ಲ ಅಂತ ಮುಚ್ಚಳಿಕೆ, ಕೆಲಸಗಾರರ ಆಧಾರ್ ಪ್ರತಿ, 10,000 ರೂಪಾಯಿ ಡೆಪಾಸಿಟ್. ಕಮಿಟಿ ಸಭೆ ಹಬ್ಬದ ಗಡಿಬಿಡಿಯಲ್ಲಿ ಮುಂದೆ ಹೋಯಿತು, ಆಮೇಲೆ ಪಿತೃಪಕ್ಷ ಅಂತ ಬಡಿಗ ಊರಿಗೆ ಹೋದ. ಮೂರು ವಾರ ಸುಮ್ನೆ ಕಾಯ್ದೆವು. ಡ್ರಿಲ್ ಮಾಡಲು ಬೆಳಿಗ್ಗೆ 10ರಿಂದ 2, ಮತ್ತೆ 4ರಿಂದ 6 ಮಾತ್ರ. ಕೂಲಿ ಇಡೀ ದಿನದ್ದು ಕೊಡಬೇಕು. ಹಾಗಾಗಿ ಕೊರೆಯುವ ಕೆಲಸ ಒಂದು ದಿನಕ್ಕೆ, ಬಟ್ಟೆ ಕಟ್ಟುವ ಕೆಲಸ ಇನ್ನೊಂದು ದಿನಕ್ಕೆ ಅಂತ ಬೇರೆ ಮಾಡಿಕೊಳ್ಳಿ.

ಕಾಯುವ ಆ ದಿನಗಳಲ್ಲಿ ಸಾಮಾನು ಕೂಡಿಸಿದೆ. ಭವಾನಿ ಪೇಠದ ಟಿಂಬರ್ ಮಾರ್ಕೆಟ್‌ನಲ್ಲಿ ಪೈನ್ ಪಟ್ಟಿ, ಲಕ್ಷ್ಮೀ ರಸ್ತೆಯಲ್ಲಿ ಬಟ್ಟೆ, ಬುಧವಾರ ಪೇಠದ ತಾಪಕೀರ್ ಗಲ್ಲಿಯಲ್ಲಿ ತಾಮ್ರದ ಸ್ಪೀಕರ್ ವೈರ್ ಮತ್ತು ಬ್ರಾಕೆಟ್. ಗಾಡಿ ತಗೊಂಡು ಹೋಗಬೇಡಿ, ಅಲ್ಲಿ ನಿಲ್ಲಿಸಲು ಜಾಗವೇ ಇಲ್ಲ. ಬಟ್ಟೆ ಆರಿಸುವಾಗ ಒಂದೇ ಪರೀಕ್ಷೆ, ತುಟಿಗೆ ಹಿಡಿದು ಊದಿ ನೋಡಬೇಕು. ಉಸಿರು ಸಲೀಸಾಗಿ ಆಚೆ ಹೋದರೆ ಶಬ್ದವೂ ಹೋಗುತ್ತದೆ. ಸೋಫಾ ಬಟ್ಟೆ, ರೆಕ್ಸಿನ್ ಬೇಡ. ನಾನು ಹೀಗೆ ನಾಲ್ಕು ಅಂಗಡಿಯಲ್ಲಿ ಊದಿ ನೋಡಿ ಕೊನೆಗೆ ಸಡಿಲ ನೇಯ್ಗೆಯ ಬಿಳಿಗಂದು ಹತ್ತಿ ಬಟ್ಟೆ ತಗೊಂಡೆ.

ಒಳಗೆ ತುಂಬಿದ್ದು ರಾಕ್‌ವುಲ್, 50 ಮಿಲಿಮೀಟರ್ ದಪ್ಪ, ಘನ ಮೀಟರಿಗೆ 48 ಕಿಲೋ ಸಾಂದ್ರತೆ. ಇದು ಕಲ್ಲನ್ನು ಕರಗಿಸಿ ಎಳೆದ ನಾರು, ಬೆಂಕಿ ಹತ್ತುವುದಿಲ್ಲ. ಒಂದೊಂದು ಪ್ಯಾನೆಲ್ 4 ಅಡಿ ಉದ್ದ 2 ಅಡಿ ಅಗಲ, ಒಟ್ಟು 16. ಚೌಕಟ್ಟಿನ ಹಿಂದೆ 2 ಇಂಚಿನ ಕಟ್ಟಿಗೆ ತುಂಡು ಇಟ್ಟು ಗೋಡೆಗೂ ಪ್ಯಾನೆಲ್‌ಗೂ ನಡುವೆ ಗಾಳಿ ಬಿಟ್ಟೆವು. ಬರೀ ಈ ಖಾಲಿ ಜಾಗದಿಂದಲೇ ಪ್ಯಾನೆಲ್ ಇನ್ನೂ ಕೆಳಗಿನ ಸ್ವರಗಳನ್ನು ಹಿಡಿಯುತ್ತದೆ. ರಾಕ್‌ವುಲ್ ಕತ್ತರಿಸುವಾಗ ಕೈಗವಸು, ಮಾಸ್ಕ್, ತುಂಬು ತೋಳಿನ ಅಂಗಿ ಬೇಕೇ ಬೇಕು. ಬಡಿಗ ಕಾಕಾ ಮೊದಲ ದಿನ ಏನಾಗಲ್ಲ ಅಂತ ಬರಿಗೈಯಲ್ಲಿ ಹಿಡಿದರು, ಸಂಜೆ ಮೊಣಕೈವರೆಗೆ ಕೆಂಪಗೆ ದದ್ದು. ಮಾರನೇ ದಿನ ಅವರೇ ಮೊದಲು ಕೈಗವಸು ಕೇಳಿದರು. ಕೆಲಸವೆಲ್ಲ ಬಾಲ್ಕನಿಯಲ್ಲಿ, ಬಾಗಿಲು ಮುಚ್ಚಿಕೊಂಡು.

ಗೋಡೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲ ಕೆಡುತ್ತಿತ್ತು. ಬಹಳಷ್ಟು ಹೊಸ ಕಟ್ಟಡಗಳ ಗೋಡೆ ಇಟ್ಟಿಗೆಯದಲ್ಲ, ಎಎಸಿ ಬ್ಲಾಕ್, ಅಂದರೆ ಒಳಗೆ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್. ಇಲ್ಲಿ ಎಲ್ಲರೂ ಸಿಪೋರೆಕ್ಸ್ ಅನ್ನುತ್ತಾರೆ. ಮೊದಲ ತೂತು ಕೊರೆದಾಗ ಡ್ರಿಲ್ ಬೆಣ್ಣೆಗೆ ಹೋದ ಹಾಗೆ ಹೋಯಿತು, ಬಿಳಿ ಹಿಟ್ಟು ಉದುರಿತು. ಮಾಮೂಲಿ ಪ್ಲಾಸ್ಟಿಕ್ ಗಿಟಕ (ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಬೆಣೆ) ಹಾಕಿ ಸ್ಕ್ರೂ ತಿರುಗಿಸಿದರೆ ಗಿಟಕವೂ ಅದರ ಜೊತೆಗೇ ತಿರುಗುತ್ತಿತ್ತು. ಪ್ಯಾನೆಲ್ ನೇತುಹಾಕಿ ಕೈ ಬಿಟ್ಟ ಐದೇ ನಿಮಿಷಕ್ಕೆ ಕಿತ್ತು ಬಂತು, ಮುಷ್ಟಿಯಷ್ಟು ಗುಳಿ ಬಿತ್ತು. ಒಂದು ಪ್ಯಾನೆಲ್ 6 ಕಿಲೋ. 15 ಅಡಿ ಮೇಲಿಂದ ತಲೆಯ ಮೇಲೆ ಬಿದ್ದಿದ್ದರೆ? ಎಎಸಿ ಗೋಡೆಗೆ ಬೇರೆಯೇ ಆಂಕರ್ ಬರುತ್ತದೆ, ಉದ್ದ, ಹೊರಗೆ ರೆಕ್ಕೆ ಇರುವಂಥದ್ದು. ಕೊರೆಯುವಾಗ ಡ್ರಿಲ್‌ನ ಹ್ಯಾಮರ್ ಮೋಡ್ ಬಂದ್ ಇರಬೇಕು. ಮೇಲಿನ ಪ್ಯಾನೆಲ್‌ಗಳಿಗೆ ಎರಡು ಆಂಕರ್ ಸಾಲದು ಅಂತ ಒಂದೊಂದು ಸ್ಟೀಲ್ ತಂತಿಯನ್ನೂ ಬೇರೆ ಕಡೆ ಬಿಗಿದೆವು. ನಮ್ಮ ಮನೆಯವರಿಗೆ ಇದು ಅತಿ ಅನಿಸಿತು, ನಾನು ಬಿಡಲಿಲ್ಲ.

ಪಶ್ಚಿಮದ ಗೋಡೆಯ ಮೇಲ್ಭಾಗದಲ್ಲಿ ಗುರುತು ಹಾಕುವಾಗ ಒಂದು ಕಡೆ ಬಣ್ಣ ಉಬ್ಬಿದ್ದು ಕಂಡಿತು. ಕೈಯಿಟ್ಟರೆ ತಣ್ಣಗೆ, ತೇವ. ಮಳೆನೀರು ಹೊರಗಿಂದ ಇಳಿಯುತ್ತಿತ್ತು. ಅದರ ಮೇಲೆ ಪ್ಯಾನೆಲ್ ಹಾಕಿದ್ದರೆ ಬಟ್ಟೆಯ ಹಿಂದೆ ಬೂಷ್ಟು ಬೆಳೆದು ವರ್ಷದ ಮೇಲೆ ಗೊತ್ತಾಗುತ್ತಿತ್ತು. ಬಿಲ್ಡರ್ ಕಡೆಯವರು ಹೊರಗಿನ ಬಿರುಕು ತುಂಬಿಸಲು ಮತ್ತೆ ಹದಿನೈದು ದಿನ. ಪುಣೆಯಲ್ಲಾಗಲಿ ಮುಂಬೈಯಲ್ಲಾಗಲಿ ಈ ಕೆಲಸ ಮಾಡಿಸುವವರು ಒಂದು ಮಳೆಗಾಲ ಗೋಡೆ ನೋಡಿ ಆಮೇಲೆ ಶುರು ಮಾಡಿ.

ಎಲ್ಲಿ ಯಾವ ಪ್ಯಾನೆಲ್ ಅನ್ನುವುದಕ್ಕೆ ಕನ್ನಡಿ ಉಪಾಯ ಸಾಕು. ಒಬ್ಬರು ಸೋಫಾದಲ್ಲಿ ಕೂರಬೇಕು, ಇನ್ನೊಬ್ಬರು ಪಕ್ಕದ ಗೋಡೆಗೆ ಕನ್ನಡಿ ಹಿಡಿದು ಸರಿಸುತ್ತಾ ಹೋಗಬೇಕು. ಕೂತವರಿಗೆ ಕನ್ನಡಿಯಲ್ಲಿ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲೇ ಶಬ್ದ ಬಡಿದು ಬರುವುದು, ಅಲ್ಲಿ ಪ್ಯಾನೆಲ್. ಅಪ್ಪ ಕೂತರು, ಮಗ ಕನ್ನಡಿ ಹಿಡಿದ. ಹೀಗೆ ಪಕ್ಕದ ಗೋಡೆಗಳಿಗೆ 6, ಹಿಂದಿನ ಗೋಡೆಗೆ 4. ಉಳಿದ 6 ಮೇಲಿನ ಬೋಳು ಗೋಡೆಗಳಿಗೆ, ಆ ಟರ್ರ್ ಹುಟ್ಟುತ್ತಿದ್ದುದೇ ಅಲ್ಲಿ. ಸೀಲಿಂಗಿಗೆ ಏನೂ ಹಾಕಲಿಲ್ಲ. ಎತ್ತರದ ಕೋಣೆ ಅಂದರೆ ಸೀಲಿಂಗಿಗೇ ಹಾಕಬೇಕು ಅಂತಿಲ್ಲ. ಗೋಡೆಯಲ್ಲೇ ಅಷ್ಟು ಜಾಗ ಇರುತ್ತದೆ, ಸ್ಲ್ಯಾಬ್ ಕೊರೆಯುವ ಅಪಾಯವೂ ತಪ್ಪುತ್ತದೆ.

ಮೇಲಿನ ಕೆಲಸಕ್ಕೆ ಸಾರುವೆ ಕಟ್ಟಿಸಿದೆವು, ಇಲ್ಲಿ ಪರಾಂಚಿ ಅಂತ ಕೇಳಬೇಕು. ಬಾಡಿಗೆ, ಕಟ್ಟುವುದು, ಬಿಚ್ಚುವುದು ಸೇರಿ 4,500. ಏಣಿಯಲ್ಲೇ ಮಾಡಿಬಿಡ್ತೀನಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸಾರುವೆ ಇರುವ ದಿನವೇ ಮೇಲೆ ಆಗಬೇಕಾದ್ದೆಲ್ಲ ಮುಗಿಸಿಕೊಳ್ಳಿ. ಕಿಟಕಿಗೆ ದಪ್ಪ ಪರದೆಯ ರಾಡ್, ಸ್ಪೀಕರ್ ವೈರ್, ಬಲ್ಬ್ ಬದಲಿಸುವುದು ಎಲ್ಲಾ ನಾವು ಅವತ್ತೇ ಮಾಡಿಸಿದೆವು. ಪರದೆ ಹೊಲಿಸುವಾಗ ಕಿಟಕಿಯ ಅಗಲಕ್ಕೆ ಎರಡರಷ್ಟು ಬಟ್ಟೆ ಕೊಡಿ. ನಿರಿಗೆ ಜಾಸ್ತಿ ಇದ್ದಷ್ಟೂ ಹೀರುವುದು ಜಾಸ್ತಿ.

ಆ ಮೇಲ್ಮುಖದ ಸ್ಪೀಕರ್‌ಗಳನ್ನು 10 ಅಡಿ ಸೀಲಿಂಗ್ ಇರುವ ಒಬ್ಬರಿಗೆ 14,000ಕ್ಕೆ ಮಾರಿ, 19,000ಕ್ಕೆ ಗೋಡೆಗೆ ಹಾಕುವ ಜೋಡಿ ತಂದೆವು. ಕೂತಲ್ಲಿಂದ ಎರಡೂ ಬದಿಯ ಗೋಡೆ 7 ಅಡಿ ದೂರ. ಹಾಗಾಗಿ ಕಿವಿಗಿಂತ 7 ಅಡಿ ಮೇಲೆ, ಅಂದರೆ ನೆಲದಿಂದ 10 ಅಡಿಗೆ ಹಾಕಿ ಕೆಳಮುಖ ಮಾಡಿದರೆ 45 ಡಿಗ್ರಿ ಮೇಲಿಂದ ಕೇಳುತ್ತದೆ. ನೆತ್ತಿಯ ಮೇಲೇ ಅಲ್ಲ, ಆದರೆ ಮಳೆ ಈಗ ಮೇಲಿಂದ ಸುರಿಯುತ್ತದೆ.

ಪೂರ್ತಿ ಸರಿಯಾಗದೆ ಉಳಿದದ್ದು ಬೇಸ್, ಅಂದರೆ ತೀರಾ ಕೆಳಗಿನ ಸ್ವರಗಳು. ನಮ್ಮ ಹಾಲ್‌ನ ಉದ್ದ 18, ಎತ್ತರ 19. ಎರಡೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಎರಡು ದಿಕ್ಕಿನಲ್ಲೂ 30 ಹರ್ಟ್ಸ್ ಹತ್ತಿರವೇ ಕೋಣೆ ಅನುರಣಿಸುತ್ತದೆ, ಎರಡೂ ಸೇರಿ ಉಬ್ಬುತ್ತವೆ. 2 ಇಂಚಿನ ಪ್ಯಾನೆಲ್ ಅದನ್ನು ಮುಟ್ಟುವುದೇ ಇಲ್ಲ. ಸಬ್‌ವೂಫರ್ ಮೂಲೆಯಲ್ಲಿತ್ತು. ಅದನ್ನು ಸೋಫಾದ ಜಾಗದಲ್ಲಿಟ್ಟು, ಒಂದೇ ಬೇಸ್ ಸ್ವರ ಹಚ್ಚಿ, ಗೋಡೆಗುಂಟ ಅಂಬೆಗಾಲಿಡುತ್ತಾ ಎಲ್ಲಿ ಸಮನಾಗಿ ಕೇಳುತ್ತದೆ ಅಂತ ಹುಡುಕಿದೆವು. ಎಡಗೋಡೆಯ ಮಧ್ಯಕ್ಕಿಂತ ಸ್ವಲ್ಪ ಮುಂದೆ ಸಿಕ್ಕಿತು, ಅಲ್ಲಿಗೆ ಸರಿಸಿದೆವು. ಉಳಿದ ಉಬ್ಬನ್ನು ಈಕ್ವಲೈಸರ್‌ನಿಂದ (ಬೇರೆ ಬೇರೆ ಸ್ವರಗಳ ಜೋರು ಏರಿಸಿ ಇಳಿಸುವ ವ್ಯವಸ್ಥೆ) ಇಳಿಸಿದೆ. ಉಬ್ಬು ಇಳಿಸಬಹುದು, ತಗ್ಗು ಮಾತ್ರ ಏರಿಸಲು ಹೋಗಬೇಡಿ, ಸಬ್‌ವೂಫರ್ ಸುಮ್ನೆ ಒದ್ದಾಡುತ್ತದೆ.

ಖರ್ಚು ಹೇಳಿಬಿಡುತ್ತೇನೆ. ಮೈಕ್ ಸುಂಕ ಸೇರಿ 11,500. ರಾಕ್‌ವುಲ್ 5,400, ಕಟ್ಟಿಗೆ 9,800, ಬಟ್ಟೆ 4,600, ಬಡಿಗರ ಕೂಲಿ 16,000, ಸಾರುವೆ 4,500. ಪರದೆ 17,000, ನೆಲಕ್ಕೆ ದಪ್ಪ ಜಮಖಾನೆ 9,000, ವೈರ್, ಬ್ರಾಕೆಟ್, ಆಂಕರ್ 5,200. ಸ್ಪೀಕರ್ ಬದಲಿಸಿದ್ದಕ್ಕೆ ಮೇಲೆ 5,000. ಒಟ್ಟು 88,000. ಮೊದಲೇ ಗೋಡೆ ನೋಡಿದ್ದರೆ ರಿಸೀವರ್‌ನ 62,000, ಫೋಮ್‌ನ 7,000 ಉಳಿಯುತ್ತಿತ್ತು. ಹಳೇ ರಿಸೀವರ್ ಈ ಹಾಲ್‌ಗೆ ಧಾರಾಳವಾಗಿ ಸಾಕಿತ್ತು, ಈಗ ಅದನ್ನೇ ಜೋಡಿಸಿ ನೋಡಿ ಹೇಳುತ್ತಿದ್ದೇನೆ.

ಕೊನೆಯ ಪ್ಯಾನೆಲ್ ಏರಿದ ಮಧ್ಯಾಹ್ನ ಒಂದು ಕೌದಿ ಮಾತ್ರ ರೇಲಿಂಗಿನ ಮೇಲೆ ಉಳಿಸಿಕೊಂಡು ಅಳೆದೆವು. 0.68 ಸೆಕೆಂಡು. ಸಂಜೆ ಅಪ್ಪನಿಗೆ ಭೀಮಸೇನ ಜೋಶಿಯವರ ಒಂದು ಹಳೇ ಕಛೇರಿ ಹಚ್ಚಿಕೊಟ್ಟೆ. ಅಪ್ಪ ಪುಣೆಗೆ ಬಂದ ಮೇಲೆ ಡಿಸೆಂಬರ್‌ನ ಸವಾಯಿ ಗಂಧರ್ವ ಉತ್ಸವ ತಪ್ಪಿಸಿದ್ದು ಕಡಿಮೆ. ಗದಗಿನ ಕಡೆಯ ಭೀಮಸೇನರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಲ್ಲಿ ಈ ಊರಲ್ಲಿ ಶುರು ಮಾಡಿದ್ದು ಅಂತ ಅಪ್ಪ ಪ್ರತಿ ವರ್ಷ ಹೇಳುತ್ತಾರೆ. ಎರಡು ತಂಬೂರಿಗಳ ತಂತಿ ಒಂದೊಂದೂ ಬೇರೆ ಬೇರೆ ಕೇಳುತ್ತಿತ್ತು. ಸಾಥಿ ಕಲಾವಿದರೊಬ್ಬರು ಮೆಲ್ಲಗೆ "ಕ್ಯಾ ಬಾತ್ ಹೈ" ಅಂದದ್ದೂ ಕೇಳಿತು. ಅಪ್ಪ ರಿಮೋಟ್ ಕೈಗೆ ತಗೊಂಡರು, ಏರಿಸುತ್ತಾರೆ ಅಂದುಕೊಂಡೆ. 50 ಇದ್ದದ್ದನ್ನು 42ಕ್ಕೆ ಇಳಿಸಿದರು. "ಇಷ್ಟ ಸಾಕವ್ವಾ" ಅಂದರು. ಕಛೇರಿ ಮುಗಿಯುವವರೆಗೆ ಏಳಲಿಲ್ಲ.

ಈ ವಾರ ಚಳಿ ಶುರುವಾಗಿದೆ. ನಿನ್ನೆ ಅಪ್ಪ ಮೇಲೆ ಹೋಗಿ ರೇಲಿಂಗಿನ ಮೇಲಿದ್ದ ಆ ಕೌದಿಯನ್ನು ತಾವೇ ಮಡಿಸಿಕೊಂಡು ತಮ್ಮ ಹಾಸಿಗೆಗೆ ತಗೊಂಡು ಹೋದರು. ಕೌದಿ ಇಲ್ಲದೆ ಮತ್ತೊಮ್ಮೆ ಅಳೆದೆ, 0.70. ಸೊಸೈಟಿ ಡೆಪಾಸಿಟ್ ಇನ್ನೂ ಬಂದಿಲ್ಲ. ಲಿಫ್ಟ್‌ಗೆ ಗೀರು ಬಿದ್ದಿಲ್ಲ ಅಂತ ಮ್ಯಾನೇಜರ್ ಸಹಿ ಮಾಡಬೇಕಂತೆ, ನಾಳೆ ಬರಲು ಹೇಳಿದ್ದಾರೆ.